ಹಳೆಯ ಕಾರಿನ ತುಕ್ಕು: ಪುಟ್ಟಿ ಸಾಕೆ, ಕತ್ತರಿಸಲೇಬೇಕೆ?

ಪ್ರಶ್ನೆ: ಸರ್, ನಮ್ಮ ತಂದೆಯವರು ಕೊಂಡಿದ್ದ ಕಾರಿಗೆ ಈಗ 22 ವರ್ಷ. ಎಂಜಿನ್ ಇನ್ನೂ ಚೆನ್ನಾಗಿದೆ. ಎರಡು ವರ್ಷದ ಹಿಂದೆ ಹಿಂದಿನ ಎಡ ಚಕ್ರದ ಕಮಾನಿನ ಅಂಚಿನಲ್ಲಿ ಪೇಂಟು ಗುಳ್ಳೆ ಎದ್ದಿತ್ತು. ಉಜ್ಜಿಸಿ, ಪುಟ್ಟಿ ಹಾಕಿಸಿ, ಪೇಂಟ್ ಮಾಡಿಸಿದೆ. ಈಗ ಅದೇ ಜಾಗದಲ್ಲಿ ಮೊದಲಿಗಿಂತ ದೊಡ್ಡದಾಗಿ ಎದ್ದಿದೆ. ಮೊನ್ನೆ ತೊಳೆಯುವಾಗ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡನ್ನು ಒತ್ತಿದರೆ ಬೆರಳೇ ಒಳಗೆ ಹೋಯಿತು! ಬಾನೆಟ್ಟಿನ ಮುಂಭಾಗದಲ್ಲೂ ಸಣ್ಣ ಸಣ್ಣ ಕಂದು ಚುಕ್ಕೆಗಳಿವೆ. ಒಬ್ಬರು ಮತ್ತೆ ಪುಟ್ಟಿ ಹಾಕಿದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ಎಲ್ಲ ಕತ್ತರಿಸಿ ಹೊಸ ತಗಡು ಬೆಸೆಯಬೇಕು ಅನ್ನುತ್ತಾರೆ. ಸ್ನೇಹಿತರೊಬ್ಬರು ತುಕ್ಕಿನ ಮೇಲೆ ಬಳಿಯುವ ರಸ್ಟ್ ಕನ್ವರ್ಟರ್ ತಂದುಕೊಟ್ಟಿದ್ದಾರೆ. ತಳಕ್ಕೆಲ್ಲ ಕಪ್ಪು ಕೋಟಿಂಗ್ ಹೊಡೆಸಿಬಿಡಿ ಎಂದವರೂ ಇದ್ದಾರೆ. ಯಾರ ಮಾತು ನಂಬಲಿ? ಈ ಕಾರನ್ನು ಓಡಿಸುವುದು ಅಪಾಯವೆ? ಒಂದಿಷ್ಟು ಕೆಲಸ ನಾನೇ ಮಾಡಿಕೊಳ್ಳಬಹುದೆ?

ಉತ್ತರ: ನಿಮ್ಮ ಕಾರಿಗೆ ಹಿಡಿದಿರುವುದು ಮೂರು ಬಗೆಯ ತುಕ್ಕು. ಬಣ್ಣ ಒಂದೇ, ಹುಟ್ಟು ಬೇರೆ ಬೇರೆ. ಬಾನೆಟ್ಟಿನದು ಹೊರಗಿನಿಂದ ಒಳಕ್ಕೆ ಹೋಗುತ್ತಿರುವ ತುಕ್ಕು. ಚಕ್ರದ ಕಮಾನಿನದು ಒಳಗಿನಿಂದ ಹೊರಕ್ಕೆ ಬಂದದ್ದು. ರನ್ನಿಂಗ್ ಬೋರ್ಡಿನದೂ ಒಳಗಿನದೇ, ಆದರೆ ಅಲ್ಲಿ ಅಂದಚಂದಕ್ಕಿಂತ ದೊಡ್ಡ ವಿಷಯವಿದೆ. ನಿಮಗೆ ಸಲಹೆ ಕೊಟ್ಟವರಲ್ಲಿ ಒಬ್ಬೊಬ್ಬರೂ ಯಾವುದೋ ಒಂದು ಜಾಗದ ಮಟ್ಟಿಗೆ ಸರಿ ಇದ್ದಾರು. ಒಂದೇ ಮದ್ದನ್ನು ಇಡೀ ಕಾರಿಗೆ ಹಚ್ಚಲು ಹೊರಟರೆ ಕೆಡುತ್ತದೆ.

ಬೆರಳು ಒಳಗೆ ಹೋದ ಜಾಗದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನೀವು ಕೇಳಿದ ಅಪಾಯದ ಪ್ರಶ್ನೆ ಇರುವುದು ಅಲ್ಲೇ.

ಲಾರಿಗಳಲ್ಲಿ, ಹಳೆಯ ಜೀಪುಗಳಲ್ಲಿ ಕೆಳಗೊಂದು ಚಾಸಿ, ಎಂದರೆ ಭಾರ ಹೊರುವ ಉಕ್ಕಿನ ಚೌಕಟ್ಟು, ಇರುತ್ತದೆ. ಮೇಲಿನ ಬಾಡಿ ತೂತು ಬಿದ್ದರೂ ಗಾಡಿಯ ಬಲ ಚಾಸಿಯಲ್ಲಿ ಉಳಿದಿರುತ್ತದೆ. ಕಾರುಗಳು ಹಾಗಲ್ಲ. 1934ರಲ್ಲಿ ಸಿಟ್ರೊಯೆನ್ ಟ್ರಾಕ್ಷನ್ ಅವಾಂ ಬಂದಾಗ ಬೇರೆ ಚಾಸಿ ಇಲ್ಲದ ಕಾರು ಒಂದು ಸೋಜಿಗ. ಇವತ್ತು ಬಹುಪಾಲು ಎಲ್ಲ ಕಾರುಗಳೂ ಹಾಗೇ. ತೆಳು ತಗಡುಗಳನ್ನು ಮಡಿಸಿ, ಪೆಟ್ಟಿಗೆ ಮಾಡಿ, ಒಂದಕ್ಕೊಂದು ಬೆಸೆದ ಬಾಡಿಯೇ ಅಲ್ಲಿ ಚಾಸಿಯ ಕೆಲಸವನ್ನೂ ಮಾಡುತ್ತದೆ. ನೀವು ಬೆರಳಿಟ್ಟ ರನ್ನಿಂಗ್ ಬೋರ್ಡು ಅಂಥ ಒಂದು ಉದ್ದನೆಯ ಪೆಟ್ಟಿಗೆ. ಹೊರಗೊಂದು ತಗಡು, ಒಳಗೊಂದು ತಗಡು, ಕೆಲವು ಕಾರುಗಳಲ್ಲಿ ನಡುವೆ ಮೂರನೆಯದು. ಬಾಗಿಲುಗಳ ನಡುವಿನ ಕಂಬ ನಿಂತಿರುವುದು ಅದರ ಮೇಲೆ. ಸೀಟ್ ಬೆಲ್ಟಿನ ಕೆಳಗಿನ ಬೋಲ್ಟು ಇರುವುದು ಆ ಕಂಬದ ಬುಡದಲ್ಲಿ. ಪಕ್ಕದಿಂದ ಯಾವುದಾದರೂ ಗಾಡಿ ಬಂದು ಗುದ್ದಿದರೆ ಮೊದಲು ತಡೆಯಬೇಕಾದದ್ದೂ ಇದೇ.

ಆದ್ದರಿಂದ ಓಡಿಸಬಹುದೆ ಎಂಬುದಕ್ಕೆ ನನ್ನ ಉತ್ತರ ಇಷ್ಟು: ಒಳ ತಗಡು ಹೇಗಿದೆ ಎಂದು ಯಾರಾದರೂ ಗಾಡಿಯನ್ನು ಎತ್ತಿ ನೋಡುವ ತನಕ ದೂರದ ಪ್ರಯಾಣ ಬೇಡ, ತುಂಬಿದ ಗಾಡಿಯಲ್ಲಿ ವೇಗ ಬೇಡ. ಆ ಕಡೆಯ ರನ್ನಿಂಗ್ ಬೋರ್ಡಿಗೆ ಜಾಕ್ ಅಂತೂ ಕೊಡಲೇಬೇಡಿ. ತೂತು ಹೊರ ತಗಡಿನಲ್ಲಿ ಮಾತ್ರ ಇದ್ದರೆ ಅದು ದುರಸ್ತಿಗೆ ಒಗ್ಗುವ ಸಾಮಾನ್ಯ ಕೆಲಸ. ಒಳ ತಗಡೂ ಹೋಗಿದ್ದರೆ, ಅಥವಾ ಫ್ಲೋರಿನ ಅಂಚಿಗೆ ಹರಡಿದ್ದರೆ, ಅದು ಬೇರೆಯೇ ಲೆಕ್ಕ. ನೀವೇ ನೋಡಿಕೊಳ್ಳಬಹುದಾದ ಒಂದು ಸೂಚನೆ ಇದೆ. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದೆಯೆ? ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಬಾಗಿಲು ಹಾಕಲು ಇತ್ತೀಚೆಗೆ ಎತ್ತಿ ತಳ್ಳಬೇಕಾಗುತ್ತಿದ್ದರೆ, ನಡು ಕುಸಿಯುತ್ತಿರಬಹುದು. ಹಿಂಜ್ ಸವೆದರೂ ಬಾಗಿಲು ಜೋಲುತ್ತದೆ, ಅದನ್ನು ಬೇರೆ ಮಾಡಿ ನೋಡಬೇಕು.

ಇನ್ನು ಚಕ್ರದ ಕಮಾನು. ಪುಟ್ಟಿ ಹಾಕಿದವರು ಮೋಸ ಮಾಡಿದರೆಂದು ನಿಮ್ಮ ಮಾತಿನಲ್ಲಿ ಒಂದು ಅನುಮಾನ ಇಣುಕುತ್ತದೆ. ಮೋಸ ಇರಲಾರದು, ಅವರು ಕಂಡದ್ದಕ್ಕೆ ಕೆಲಸ ಮಾಡಿದ್ದಾರೆ. ಕಾಣದ್ದು ಹಿಂಬದಿಯಲ್ಲಿತ್ತು. ಕಮಾನಿನ ಅಂಚಿನಲ್ಲಿ ಹೊರ ತಗಡು ಮತ್ತು ಒಳಗಿನ ಚಕ್ರಗೂಡಿನ ತಗಡು ಒಂದರ ಮೇಲೊಂದು ಮಡಚಿ, ಅಲ್ಲಲ್ಲಿ ಸ್ಪಾಟ್ ವೆಲ್ಡ್ (ಚುಕ್ಕೆ ಚುಕ್ಕೆಯಾಗಿ ಹಾಕಿದ ಬೆಸುಗೆ) ಆಗಿರುತ್ತವೆ. ಎರಡು ವೆಲ್ಡುಗಳ ನಡುವೆ ಕೂದಲೆಳೆಯಷ್ಟು ಸಂದು. ನೀರನ್ನು ಎಳೆದುಕೊಳ್ಳಲು ಅಷ್ಟು ಸಂದು ಸಾಕು, ಬಿಡಲು ಸಾಲದು. ಟೈರು ಎರಚಿದ ಕೆಸರು ಆ ಮಡಿಕೆಯ ಮೇಲೆ ಕೂತು ಗಟ್ಟಿಯಾಗುತ್ತದೆ. ರಸ್ತೆ ಒಣಗಿ ವಾರವಾದರೂ ಆ ಕೆಸರಿನ ಬುಡ ಒದ್ದೆ ಇರುತ್ತದೆ. ಕೈ ಹಾಕಿ ಒಂದು ಉಂಡೆ ಕಿತ್ತು ನೋಡಿ, ಹೊರಮೈ ಒಣಗಿ ಬಿರುಕು ಬಿಟ್ಟಿರುತ್ತದೆ, ತಗಡಿಗೆ ಅಂಟಿದ್ದ ಮೈ ಕಪ್ಪಗೆ ತಣ್ಣಗೆ ಇರುತ್ತದೆ.

ಇಲ್ಲಿ ಕಬ್ಬಿಣದ ಒಂದು ವಿಚಿತ್ರ ಗುಣ ಹೇಳಬೇಕು. ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು, ಇದು ಎಲ್ಲರಿಗೂ ಗೊತ್ತು. ಹಾಗಾದರೆ ಗಾಳಿ ಚೆನ್ನಾಗಿ ಆಡುವ ಜಾಗವೇ ಮೊದಲು ಕೆಡಬೇಕಲ್ಲ? ಆಗುವುದು ತಿರುವುಮುರುವು. ಒಂದೇ ತಗಡಿನ ಒಂದು ಭಾಗಕ್ಕೆ ಗಾಳಿ ಸಿಕ್ಕು, ಪಕ್ಕದ ಭಾಗ ಕೆಸರಿನ ಕೆಳಗೆ ಉಸಿರುಗಟ್ಟಿ ಕೂತಿದ್ದರೆ, ಎರಡರ ನಡುವೆ ಸಣ್ಣದೊಂದು ಬ್ಯಾಟರಿಯೇ ಹುಟ್ಟುತ್ತದೆ. ಆ ಬ್ಯಾಟರಿಯಲ್ಲಿ ಕರಗುವುದು ಗಾಳಿ ಸಿಗದ ಭಾಗ. ಉಪ್ಪು ಸೇರಿದರೆ ಆ ನೀರು ವಿದ್ಯುತ್ತನ್ನು ಇನ್ನೂ ಸಲೀಸಾಗಿ ಹರಿಯಬಿಡುತ್ತದೆ. ಕಡಲತೀರದ ಗಾಡಿಗಳೂ, ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಕಡೆಯ ಗಾಡಿಗಳೂ ಬೇಗ ಹಾಳಾಗುವುದು ಇದರಿಂದ. ಮಡಿಕೆ, ಸಂದು, ಕೆಸರಿನಡಿ, ಕಾರ್ಪೆಟ್ಟಿನಡಿ ಇವೇ ಮೊದಲು ತೂತು ಬೀಳುವ ರಹಸ್ಯವೂ ಇಷ್ಟೇ. ಹೀಗೆ ಹುಟ್ಟಿದ ತುಕ್ಕು, ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಅದು ಉಬ್ಬಿ ಪೇಂಟನ್ನು ತಳ್ಳಿದಾಗ ನಮಗೆ ಗುಳ್ಳೆ ಕಾಣುತ್ತದೆ. ಹೊರ ತಗಡು ಹೊಸದಾಗಿದ್ದಾಗಲೇ ಸುಮಾರು 0.7ರಿಂದ 0.8 ಮಿ.ಮೀ. ದಪ್ಪ. ಒಳಗಿನಿಂದ ತಿನ್ನುತ್ತಾ ಬಂದ ತುಕ್ಕು ಹೊರಗೆ ಗುಳ್ಳೆಯಾಗಿ ಕಂಡಿತೆಂದರೆ ಆ ದಪ್ಪವೆಲ್ಲ ಮುಗಿದಿದೆ. ಉಗುರಿನಿಂದ ಗುಳ್ಳೆಯನ್ನು ಕೆರೆದರೆ ಕೆಳಗೆ ತಗಡು ಸಿಗುವುದಿಲ್ಲ, ಕಂದು ಹಪ್ಪಳದಂಥ ಪದರ ಸಿಗುತ್ತದೆ.

ಇಂಥ ತೂತಿನ ಮೇಲೆ ಪುಟ್ಟಿ ಹಾಕಿದರೆ ಏನಾಗುತ್ತದೆ? ಹಾರ್ಡ್‌ನರ್ ಕಲಸಿ ಹಚ್ಚುವ ಪಾಲಿಯೆಸ್ಟರ್ ಪುಟ್ಟಿಯಲ್ಲಿ ಬಹುಪಾಲು ಟಾಲ್ಕಿನಂಥ ಪುಡಿ ತುಂಬಿರುತ್ತದೆ. ಅದು ನೀರು ಹೀರುತ್ತದೆ. ಮುಂಭಾಗಕ್ಕೆ ಪೇಂಟ್ ಇದೆ, ಹಿಂಭಾಗ ಬೆತ್ತಲೆ. ಚಕ್ರ ಎರಚಿದ ನೀರನ್ನು ಪುಟ್ಟಿ ಹಿಂದಿನಿಂದ ಕುಡಿದು, ತನ್ನ ಸುತ್ತಲಿನ ಒಳ್ಳೆಯ ತಗಡಿಗೂ ಮುಟ್ಟಿಸುತ್ತದೆ. ನಿಮಗೆ ಎರಡನೇ ಸಲ ಗುಳ್ಳೆ ದೊಡ್ಡದಾಗಿ ಬಂದದ್ದು ಹೀಗೆ.

ನಾನು ಈ ಪಾಠ ಕಲಿತದ್ದು ನನ್ನದೇ ಗಾಡಿಯಲ್ಲಿ. ಕೆಲಸಕ್ಕೆ ಸೇರಿದ ಹೊಸತು. ಕಮಾನನ್ನು ಮೂರು ಭಾನುವಾರ ಕೂತು ಉಜ್ಜಿ, ಪುಟ್ಟಿ ಎಳೆದು, ಗೆರೆ ತಪ್ಪದ ಹಾಗೆ ತಿದ್ದಿದ್ದೆ. ಬಣ್ಣ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ಹೊರಗಡೆ ನೋಡಲೇ ಇಲ್ಲ. ಬಗ್ಗಿ, ಚಕ್ರಗೂಡಿನೊಳಗೆ ಕೈ ಹಾಕಿ, ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ನನ್ನ ಅಂಗಿಗೆ ಒರೆಸಿ ಹೋದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಗುಳ್ಳೆ ಎದ್ದು ನಿಂತಿತ್ತು.

ಹಾಗೆಂದು ಪುಟ್ಟಿಯನ್ನೇ ಬೈಯಬೇಡಿ. ಗಟ್ಟಿ ತಗಡಿನ ಮೇಲೆ ತಗ್ಗುದಿಣ್ಣೆ ತಿದ್ದಲು ಅದು ಬೇಕೇ ಬೇಕು, ಎರಡು ಮೂರು ಮಿ.ಮೀ. ಒಳಗೆ ಇರಬೇಕು ಅಷ್ಟೆ. ತೂತು ಮುಚ್ಚುವುದು ಅದರ ಕೆಲಸವಲ್ಲ.

ರಸ್ಟ್ ಕನ್ವರ್ಟರ್ ವಿಷಯದಲ್ಲಿ ಜನ ಎರಡು ಅತಿಗೆ ಹೋಗುತ್ತಾರೆ, ಕೆಲವರಿಗೆ ಅದು ಸಂಜೀವಿನಿ, ಕೆಲವರಿಗೆ ಬಣ್ಣದ ನೀರು. ಒಳಗಿರುವುದು ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ. ಒಗರಿನ ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುವ ಹಾಗೆ, ತುಕ್ಕು ಕರಿನೀಲಿ ಬಣ್ಣದ ಗಟ್ಟಿ ಪದರವಾಗುತ್ತದೆ. ಕ್ರಿಯೆ ನಿಜ. ಆದರೆ ಅದು ಇಳಿಯುವುದು ಮೇಲಿನ ತೆಳುಪದರಕ್ಕೆ ಮಾತ್ರ. ಹಪ್ಪಳ ಹಪ್ಪಳವಾಗಿ ಎದ್ದ ತುಕ್ಕಿಗೆ ಬಳಿದರೆ ಮೇಲಿನ ಹಪ್ಪಳ ಕಪ್ಪಾಗಿ, ಕೆಳಗಿನದು ತನ್ನ ಪಾಡಿಗೆ ತಗಡು ತಿನ್ನುತ್ತಿರುತ್ತದೆ. ಪೂರ್ತಿ ಉಜ್ಜಿ ಹೊಳಪು ಬಂದ ತಗಡಿಗೂ ಅದರಿಂದ ಉಪಯೋಗವಿಲ್ಲ, ಬದಲಿಸಲು ತುಕ್ಕೇ ಇಲ್ಲವಲ್ಲ. ವೈರ್ ಬ್ರಷ್ಷಿನಿಂದ ಸಡಿಲವಾದದ್ದೆಲ್ಲ ಉದುರಿಸಿದ ಮೇಲೂ ಕೈಗೆಟುಕದ ಮೂಲೆಯಲ್ಲಿ ಉಳಿಯುವ ಕಂದು ಕಲೆಗೆ ಅದು ಸರಿಯಾದ ಮದ್ದು. ಒಂದು ಎಚ್ಚರಿಕೆ: ಆಮ್ಲದ ಶೇಷ ಉಳಿದ ಮೈಮೇಲೆ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ತಗಡಿಗೆ ಹಚ್ಚುವ, ನೀರು ತಡೆಯುವ ತಳಪದರ) ಸರಿಯಾಗಿ ಹಿಡಿಯದಿರಬಹುದು, ಪುಟ್ಟಿ ಸರಿಯಾಗಿ ಗಟ್ಟಿಯಾಗದಿರಬಹುದು. ಡಬ್ಬಿಯ ಮೇಲೆ ಬರೆದದ್ದನ್ನು, ಅದರ ಮೇಲೆ ಹಚ್ಚುವ ಪ್ರೈಮರಿನ ಡಬ್ಬಿಯ ಮೇಲೆ ಬರೆದದ್ದನ್ನು, ಎರಡನ್ನೂ ಓದಿ.

ತಳಕ್ಕೆ ಹೊಡೆಯುವ ಕಪ್ಪು ಕೋಟಿಂಗಿಗೆ ನಾನು ಇನ್ನೂ ಹೆಚ್ಚು ಹೆದರುತ್ತೇನೆ. ಹೊಸ ಗಾಡಿಯ ಶುಚಿಯಾದ ತಳಕ್ಕೆ ಅದು ಕಲ್ಲೇಟು ತಡೆಯುವ ಒಳ್ಳೆಯ ಕವಚ. ತುಕ್ಕು ಹಿಡಿದ ತಳಕ್ಕೆ ಹೊಡೆದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ. ಡಾಂಬರಿನಂಥ ಪದರ ವರ್ಷ ಕಳೆದಂತೆ ಗಡುಸಾಗಿ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿದು ತಗಡಿಗೂ ಕೋಟಿಂಗಿಗೂ ನಡುವೆ ಹರಡುತ್ತದೆ. ನೋಡಲು ತಳ ಪೂರ್ತಿ ಕಪ್ಪಗೆ ಲಕ್ಷಣವಾಗಿರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದರೆ ಕೋಟಿಂಗ್ ಒಂದೇ ಅಲ್ಲಿ ನಿಂತಿರುತ್ತದೆ, ತಗಡು ಹೋಗಿ ಎಷ್ಟೋ ದಿನವಾಗಿರುತ್ತದೆ. ಹಳೆಯ ಗಾಡಿ ಕೊಳ್ಳುವವರು ತಾಜಾ ಕಪ್ಪು ತಳ ಕಂಡರೆ ಸಂತೋಷಪಡುವ ಮೊದಲು ಕುಟ್ಟಿ ನೋಡಬೇಕು.

ಇನ್ನೆರಡು ಮಾತು ಪದೇ ಪದೇ ಕೇಳಿಬರುತ್ತವೆ. ಒಂದು, ತುಕ್ಕು ರೋಗದ ಹಾಗೆ ಒಂದು ತಗಡಿನಿಂದ ಇನ್ನೊಂದಕ್ಕೆ ಅಂಟುತ್ತದೆ ಎಂಬುದು. ಅಂಟುವುದಿಲ್ಲ. ತುಕ್ಕು ತೇವ ಹಿಡಿದಿಟ್ಟುಕೊಳ್ಳುವ ಸ್ಪಂಜಿನಂತೆ ಇರುವುದರಿಂದ ಪಕ್ಕದ ಜಾಗ ಒಣಗಲು ಬಿಡುವುದಿಲ್ಲ, ಹರಡಿದಂತೆ ಕಾಣುವುದು ಅದಕ್ಕೆ. ಎರಡು, ಸತು ಲೇಪಿಸಿದ ತಗಡಿನ ಕಾರಿಗೆ ತುಕ್ಕೇ ಹಿಡಿಯದು ಎಂಬುದು. ಪೋರ್ಷೆ 911 ಎಪ್ಪತ್ತರ ದಶಕದ ನಡುವಿನಿಂದ, ಆಡಿ 80 ಕಾರು 1986ರಿಂದ ಸತು ಲೇಪಿತ ಬಾಡಿಯಲ್ಲಿ ಬಂದವು, ಅವು ನಿಜಕ್ಕೂ ಬಾಳಿದವು. ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆದರೆ ಸತು ಮುಗಿಯುವ ಸರಕು. ಗ್ರೈಂಡರ್ ಹಿಡಿದರೆ ಸವೆಯುತ್ತದೆ, ವೆಲ್ಡಿಂಗ್ ಮಾಡಿದರೆ ಆವಿಯಾಗುತ್ತದೆ. ಅಪಘಾತದಲ್ಲಿ ಒಮ್ಮೆ ದುರಸ್ತಿಯಾದ ಜಾಗದಲ್ಲಿ ಯಾವ ಕಾರಾದರೂ ಸಾಮಾನ್ಯ ಕಾರೇ.

ಈಗ ಎಷ್ಟು ಹೋಗಿದೆ ಎಂದು ತಿಳಿಯುವ ಬಗೆ. ದೊಡ್ಡ ಯಂತ್ರ ಬೇಡ. ಒಂದು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಕಮಾನಿನ ಸುತ್ತ ಮೆಲ್ಲಗೆ ಎಳೆಯಿರಿ. ತಗಡಿದ್ದಲ್ಲಿ ಕಚ್ಚಿ ಹಿಡಿಯುತ್ತದೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರುತ್ತದೆ. ಪೇಂಟಿನ ದಪ್ಪ ಅಳೆಯುವ ಮೀಟರ್ ಯಾರ ಬಳಿಯಾದರೂ ಇದ್ದರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ, ಪುಟ್ಟಿಯ ಮೇಲೆ ಅದು ಹಲವು ನೂರು, ಕೆಲವೊಮ್ಮೆ ಸಾವಿರ ದಾಟುತ್ತದೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ರನ್ನಿಂಗ್ ಬೋರ್ಡನ್ನು ಮುಂದಿನಿಂದ ಹಿಂದಕ್ಕೆ ಅಂಗೈ ಅಂತರದಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಪೆಟ್ಟಿಗೆ ಟಣ್ ಎನ್ನುತ್ತದೆ. ಕೊಳೆತದ್ದು ಒಡೆದ ಮಡಕೆಯ ಹಾಗೆ ದಬ್ ಎನ್ನುತ್ತದೆ, ಒಳಗೆ ಪುಡಿ ಸುರಿಯುವ ಸದ್ದೂ ಕೇಳಬಹುದು. ಅನುಮಾನ ಬಂದಲ್ಲಿ ಕೆಳಗಿನಿಂದ ತುದಿಯನ್ನು ಒತ್ತಿ. ತೂತಾದೀತು ಎಂದು ಹೆದರಬೇಡಿ, ಒಳ್ಳೆಯ ತಗಡು ಕೈಯೊತ್ತಿಗೆ ತೂತಾಗುವುದಿಲ್ಲ. ಸೀಟಿನ ಮುಂದಿನ ಕಾರ್ಪೆಟ್ ಎತ್ತಿ, ಡಿಕ್ಕಿಯ ಸ್ಟೆಪ್ನಿ ಗುಂಡಿ ನೋಡಿ, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ ನೋಡಿ. ಕಾಣುವ ತುಕ್ಕಿಗಿಂತ ಈ ಕಡೆಯ ಜಾಗಗಳೇ ಗಾಡಿಯ ಆಯುಸ್ಸು ಹೇಳುವುದು.

ನೀವೇ ಮಾಡಿಕೊಳ್ಳಬಹುದಾದ ಕೆಲಸ ಬಾನೆಟ್ಟಿನದು. ಎದುರಿನ ಗಾಡಿಗಳು ಸಿಡಿಸಿದ ಕಲ್ಲು ಪೇಂಟನ್ನು ಚಕ್ಕೆ ಎಬ್ಬಿಸಿದೆ, ಅಲ್ಲಿಂದ ತುಕ್ಕು ಪೇಂಟಿನ ಕೆಳಗೆ ಸುತ್ತ ತೆವಳಿದೆ. ಹಿಂಬದಿ ಇನ್ನೂ ಗಟ್ಟಿ. ಒಂದೊಂದು ಚುಕ್ಕೆಯನ್ನೂ 80 ನಂಬರಿನ ಉಪ್ಪುಕಾಗದದಿಂದ, ಸುತ್ತ ಬಿಗಿಯಾಗಿ ಅಂಟಿದ ಪೇಂಟ್ ಸಿಗುವ ತನಕ ಉಜ್ಜಿ. ಚುಕ್ಕೆ ಕಾಳಿನಷ್ಟಿದ್ದರೆ ಉಜ್ಜಿದ ಜಾಗ ನಾಣ್ಯದಷ್ಟಾಗುತ್ತದೆ, ಬೇಸರಿಸಬೇಡಿ. ತಗಡು ಹೊಳೆಯತೊಡಗಿದಾಗ ಮುಗಿಯಿತು ಅನ್ನಿಸುತ್ತದೆ. ಹತ್ತಿರದಿಂದ, ಬೇಕಾದರೆ ಭೂತಗನ್ನಡಿ ಹಿಡಿದು ನೋಡಿ: ಬೆಳ್ಳಗಿನ ತಗಡಿನಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಉಳಿದಿರುತ್ತವೆ. ಅವು ಗುಳಿಗಳು, ತಳದಲ್ಲಿ ತುಕ್ಕೂ ಉಪ್ಪೂ ಕೂತಿರುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಬಿಡಿ, ಚುಕ್ಕೆಯ ಸುತ್ತ ಕಿತ್ತಳೆ ಬಣ್ಣದ ಉಂಗುರ ಮೂಡಿದರೆ ಅದು ಇನ್ನೂ ಜೀವಂತ. ಗುಳಿಯನ್ನು ಮೊನಚಾದ ಉಪಕರಣದಿಂದ ಕೆರೆದು, ನೀರಿನಿಂದ ಚೆನ್ನಾಗಿ ತೊಳೆದು, ತಕ್ಷಣ ಒಣಗಿಸಿ, ಕನ್ವರ್ಟರನ್ನು ಕಡ್ಡಿಯ ತುದಿಯಿಂದ ಗುಳಿಗೆ ಮಾತ್ರ ಮುಟ್ಟಿಸಿ. ಉಳಿದ ಜಾಗಕ್ಕೆ ಬೇಡ. ಅದು ಕಪ್ಪಾಗಿ ಒಣಗಿದ ಮೇಲೆ ಶೇಷವನ್ನು ಡಬ್ಬಿಯಲ್ಲಿ ಹೇಳಿದಂತೆ ತೆಗೆದು, ಥಿನ್ನರಿನಿಂದ ಜಿಡ್ಡು ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹಚ್ಚಿ. ಉಜ್ಜಿದ ತಗಡನ್ನು ರಾತ್ರಿಯಿಡೀ ಬರಿಮೈಯಲ್ಲಿ ಬಿಟ್ಟರೆ ಬೆಳಗ್ಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬೂದು ಬಣ್ಣದ ಸಾಮಾನ್ಯ ಫಿಲ್ಲರ್ ಪ್ರೈಮರ್ ನೀರು ತಡೆಯುವುದಿಲ್ಲ. ಪ್ರೈಮರ್ ಆಗಿದೆಯಲ್ಲ ಎಂದು ಮಳೆಯಲ್ಲಿ ಓಡಾಡಿಸಿ, ವಾರದ ಮೇಲೆ ಬಣ್ಣ ಹಚ್ಚಿಸಿದವರ ಗಾಡಿಗಳು ನನ್ನ ಬಳಿ ವಾಪಸ್ಸು ಬಂದಿವೆ.

ಬಣ್ಣದ ಮೇಲೆ ಹೊಡೆಯುವ ಎರಡು ಪ್ಯಾಕಿನ (ಎರಡು ಡಬ್ಬಿಯದನ್ನು ಕಲಸಿ ಬಳಸುವ) ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಉಬ್ಬಸ ಹಿಡಿಯಬಹುದು, ಒಮ್ಮೆ ಹಿಡಿದರೆ ಸಣ್ಣ ಪ್ರಮಾಣಕ್ಕೂ ಮರುಕಳಿಸುತ್ತದೆ. ಧೂಳಿಗೆ ಕಟ್ಟುವ ಮಾಸ್ಕು ಅದಕ್ಕೆ ಸಾಲದು, ಹೊರಗಿನ ಶುದ್ಧ ಗಾಳಿ ಒದಗಿಸುವ ಮಾಸ್ಕ್ ಬೇಕು. ಮನೆಯಲ್ಲಿ ಮಾಡುವುದಾದರೆ ಒಂದೇ ಪ್ಯಾಕಿನ ಟಚ್ ಅಪ್ ಬಣ್ಣವನ್ನು ಕುಂಚದಿಂದ ಮುಟ್ಟಿಸಿ ಸುಮ್ಮನಿರಿ. ಹತ್ತಿರದಿಂದ ನೋಡಿದವರಿಗೆ ಕಲೆ ಕಾಣುತ್ತದೆ, ಕಾಣಲಿ ಬಿಡಿ.

ಚಕ್ರದ ಕಮಾನಿಗೆ ನಿಮ್ಮ ಮುಂದಿರುವ ದಾರಿಗಳು ಹಲವು. ಗಾಡಿಯನ್ನು ಇನ್ನೊಂದು ವರ್ಷ ಓಡಿಸಿ ಬಿಡುವುದೇ ಆದರೆ ಮತ್ತೆ ಪುಟ್ಟಿ ಹಾಕಿಸಿಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಕಮಾನಿನ ಹೊರ ಅಂಚು ರನ್ನಿಂಗ್ ಬೋರ್ಡಿನಷ್ಟು ಭಾರ ಹೊರುವುದಿಲ್ಲ. ಮಾರುವಾಗ ಕೊಳ್ಳುವವರಿಗೆ ಹೇಳಿ ಮಾರಿ. ಫೈಬರ್‌ಗ್ಲಾಸ್ ಹಾಳೆ ಅಂಟಿಸುವುದು ಪುಟ್ಟಿಗಿಂತ ಒಂದು ಮೆಟ್ಟಿಲು ಮೇಲು, ಅದು ನೀರನ್ನು ಕಡಿಮೆ ಹೀರುತ್ತದೆ. ಆದರೆ ಅಂಚಿನಲ್ಲಿ ತುಕ್ಕು ಉಳಿದಿದ್ದರೆ ಅದರ ಹಿಡಿತ ಬಿಡುತ್ತದೆ, ಮತ್ತೆ ಮೊದಲಿನ ಕಥೆ. ಪ್ಯಾನೆಲ್ ಬಾಂಡ್ ಎಂಬ ಗಟ್ಟಿ ಅಂಟಿನಿಂದ ಹೊಸ ತಗಡು ಕೂರಿಸುವುದು ಹೊರ ತಗಡುಗಳಿಗೆ ಒಳ್ಳೆಯ ವಿಧಾನ. ಬೆಂಕಿ ಇಲ್ಲ, ತಗಡು ಸೊಟ್ಟಗಾಗುವುದಿಲ್ಲ, ಸಂದು ಅಂಟಿನಿಂದಲೇ ತುಂಬುವುದರಿಂದ ನೀರಿಗೆ ಎಡೆ ಕಡಿಮೆ. ಭಾರ ಹೊರುವ ಕಡೆ ಕಾರಿನ ಕಂಪನಿ ಹೇಳದ ಹೊರತು ಅದನ್ನು ಬಳಸಬಾರದು.

ಕಾರನ್ನು ಇಟ್ಟುಕೊಳ್ಳುವವರಿಗೆ ನಾನು ಹೇಳುವುದು ಕತ್ತರಿಸಿ ಬೆಸೆಯುವುದನ್ನೇ. ನಿಮ್ಮ ಪತ್ರದ ಧಾಟಿ ನೋಡಿದರೆ ನೀವು ಇಟ್ಟುಕೊಳ್ಳುವವರು. ಟಿಂಕರಿಂಗ್ ಬಲ್ಲವರು ಕೊಳೆತದ್ದನ್ನು ಮಾತ್ರ ಕತ್ತರಿಸುವುದಿಲ್ಲ, ಅದರಾಚೆ ಎರಡು ಬೆರಳಿನಷ್ಟು ಒಳ್ಳೆಯ ತಗಡಿಗೆ ಹೋಗಿ ಕತ್ತರಿಸುತ್ತಾರೆ. ರಟ್ಟಿನಲ್ಲಿ ಅಳತೆ ತೆಗೆದು, ಅದೇ ದಪ್ಪದ ತಗಡನ್ನು ಮೂಲೆ ದುಂಡಗೆ ಮಾಡಿ ಕತ್ತರಿಸಿಕೊಳ್ಳುತ್ತಾರೆ. ಹೊರಗಿನದು ಕಿತ್ತಾಗ ಒಳಗಿನ ಚಕ್ರಗೂಡು ಕಾಣುತ್ತದೆ, ಅದು ಹೋಗಿದ್ದರೆ ಮೊದಲು ಅದನ್ನು ಸರಿಮಾಡಬೇಕು. ಇಲ್ಲಿ ಅವಸರಕ್ಕೆ ಬಿದ್ದವರೇ ಹೆಚ್ಚು. ಇಷ್ಟು ತೆಳು ತಗಡಿಗೆ ಗ್ಯಾಸ್ ವೆಲ್ಡಿಂಗಿನ ಶಾಖ ಹೆಚ್ಚು, ಸುತ್ತ ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ, ಆಮೇಲೆ ಆ ಅಲೆ ಮುಚ್ಚಲು ದಪ್ಪ ಪುಟ್ಟಿ. ಪಳಗಿದ ಕೈಯಾದರೆ ಗ್ಯಾಸಿನಲ್ಲೂ ಚೆಂದವಾಗಿ ಮಾಡುತ್ತಾರೆ, ಅಂಥವರು ಈಗ ಅಪರೂಪ. 0.6 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್, ಎಂದರೆ ವಿದ್ಯುತ್ ಕಿಡಿಯಲ್ಲಿ ತಂತಿ ಕರಗಿಸಿ ಬೆಸೆಯುವುದು, ವಾಸಿ. ಅದರಲ್ಲೂ ಉದ್ದಕ್ಕೆ ಗೆರೆ ಎಳೆಯಬಾರದು. ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ, ಕೈ ಇಟ್ಟರೆ ತಡೆದುಕೊಳ್ಳುವಷ್ಟು ಆರಿದ ಮೇಲೆ ನಡುವೆ ಇನ್ನೊಂದು. ಹೀಗೆ ಚುಕ್ಕೆಗಳು ಕೂಡಿ ಗೆರೆಯಾಗಬೇಕು. ಮುಗಿದ ಮೇಲೆ ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ಬಿಟ್ಟುಹೋದ ಸೂಜಿ ತೂತುಗಳು ನಕ್ಷತ್ರದ ಹಾಗೆ ಕಾಣುತ್ತವೆ. ಒಂದೂ ಉಳಿಯಬಾರದು.

ರನ್ನಿಂಗ್ ಬೋರ್ಡಿಗೆ ಆಯ್ಕೆಗಳಿಲ್ಲ, ಬೆಸೆಯುವುದೊಂದೇ. ಕೊಳೆತ ತಗಡಿನ ಮೇಲೆ ಹೊಸ ತಗಡು ಹೊದಿಸಿ ಬೆಸೆದುಬಿಡುವ ರೂಢಿ ಇದೆ. ಹೊರಗೆ ಹೊಸದಾಗಿ ಕಾಣುತ್ತದೆ, ಒಳಗೆ ತುಕ್ಕು ಬೆಚ್ಚಗೆ ಕೂತಿರುತ್ತದೆ, ಹೊಸ ತಗಡು ಹಿಡಿದಿರುವುದು ಹಳೆಯ ಹಪ್ಪಳವನ್ನು. ಬೇಡ ಎನ್ನಿ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿ ಮಾಡಬೇಕು, ಒಂದು ಬದಿ ಪೂರ್ತಿ ಮುಗಿದ ಮೇಲಷ್ಟೇ ಇನ್ನೊಂದು ಬದಿ ಮುಟ್ಟಬೇಕು. ಹಾಗೆ ಮಾಡದಿದ್ದರೆ ಗಾಡಿ ನಡು ಬಗ್ಗಿದ ಸ್ಥಿತಿಯಲ್ಲೇ ಬೆಸುಗೆಯಾಗಿ, ಬಾಗಿಲು ಮುಂದೆಂದೂ ಸರಿಯಾಗಿ ಕೂರುವುದಿಲ್ಲ. ಕಾರ್ಖಾನೆಯ ಸ್ಪಾಟ್ ವೆಲ್ಡುಗಳಿದ್ದ ಕಡೆಯೆಲ್ಲ ತೂತು ಕೊರೆದು ತುಂಬುವ ಪ್ಲಗ್ ವೆಲ್ಡು, ಮೂಲದಲ್ಲಿ ಎಷ್ಟಿದ್ದವೋ ಕನಿಷ್ಠ ಅಷ್ಟು ಬೇಕು. ಈಚಿನ ಕಾರುಗಳ ಕಂಬಗಳಲ್ಲಿ, ಪೆಟ್ಟಿಗೆಗಳ ಒಳಪದರದಲ್ಲಿ ಅತಿಗಟ್ಟಿ ಉಕ್ಕು ಇರುತ್ತದೆ. ಶಾಖ ತಾಗಿದರೆ ಅದರ ಗಟ್ಟಿತನವೇ ಹೋಗುತ್ತದೆ. ನಿಮ್ಮ ಕಾರಿನ ವಯಸ್ಸಿಗೆ ಆ ತೊಂದರೆ ಕಡಿಮೆ ಇದ್ದರೂ ದುರಸ್ತಿ ಕೈಪಿಡಿ ನೋಡಿಯೇ ಕೈ ಹಾಕಬೇಕು.

ವೆಲ್ಡಿಂಗನ್ನು ಮನೆಯಲ್ಲಿ ಕಲಿಯಲು ಹಳೆಯ ಕಾರಿಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಹೊರಗೆ ಕಿಡಿ, ಒಳಗೆ ಕಾರ್ಪೆಟ್, ಅದರಡಿ ಸದ್ದು ತಡೆಯುವ ಹತ್ತಿಯ ಹಾಸು, ಪಕ್ಕದಲ್ಲಿ ಪೆಟ್ರೋಲ್ ಪೈಪು. ನಾವು ಒಮ್ಮೆ ಕೆಲಸ ಮುಗಿಸಿ ಟೀ ಕುಡಿಯುತ್ತಿದ್ದಾಗ ಸೀಟಿನಡಿಯಿಂದ ಹೊಗೆ ಬಂತು, ಕಿಡಿ ಅರ್ಧ ಗಂಟೆಯಿಂದ ಆ ಹಾಸಿನಲ್ಲಿ ಕಾವು ಹಿಡಿದು ಕೂತಿತ್ತು. ಅಂದಿನಿಂದ ಬೆಸುಗೆ ಮುಗಿದ ಮೇಲೂ ಒಂದು ಗಂಟೆ ಯಾರಾದರೊಬ್ಬರು ಗಾಡಿಯ ಬಳಿ ಇರಲೇಬೇಕು. ಬ್ಯಾಟರಿ ಬಿಚ್ಚಿಡಬೇಕು, ಅರ್ಥ್ ಕ್ಲಾಂಪು ಬೆಸುಗೆಯ ಹತ್ತಿರವೇ ಇರಬೇಕು, ಏರ್‌ಬ್ಯಾಗಿನ ತಂತಿ ಎಲ್ಲಿ ಹಾದಿದೆ ನೋಡಿಕೊಳ್ಳಬೇಕು. ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1500 ಬೇಕು. ಹಾಗಾಗಿ ಲೇಪಿತ ತಗಡನ್ನು ಬೆಸೆಯುವಾಗ ಬಿಳಿ ಹೊಗೆ ಏಳುತ್ತದೆ, ಕುಡಿದರೆ ರಾತ್ರಿ ಚಳಿಜ್ವರ. ಇದಕ್ಕಿಂತ ಭಯಾನಕವಾದದ್ದು ಇನ್ನೊಂದು: ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ತಗಡಿಗೆ ವೆಲ್ಡಿಂಗ್ ಹಚ್ಚಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಜೀವ ಹೋಗುವಂಥದ್ದು.

ಬೆಸುಗೆ, ಪೇಂಟು ಎಲ್ಲ ಮುಗಿದ ಮೇಲೆ ಉಳಿಯುವ ಕೆಲಸವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಬೆಸೆದ ಗೆರೆಯ ಹಿಂಬದಿಯಲ್ಲಿ ಶಾಖಕ್ಕೆ ಬಣ್ಣವೆಲ್ಲ ಸುಟ್ಟು ಬರಿ ಉಕ್ಕು ನಿಂತಿರುತ್ತದೆ. ಹೊರಗೆ ನೀವು ಎಷ್ಟೇ ಮಿರುಗಿಸಿ, ಅದು ಅಲ್ಲಿಂದಲೇ ಮತ್ತೆ ಶುರು. ಕೈಗೆಟುಕುವ ಕಡೆ ಎಪಾಕ್ಸಿ ಪ್ರೈಮರ್, ಜೋಡಣೆಯ ಮೇಲೆ ಸಂದು ಮುಚ್ಚುವ ಸೀಮ್ ಸೀಲರ್. ಪೆಟ್ಟಿಗೆಯ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಎಂಬ ಮೇಣ ಸಿಂಪಡಿಸಬೇಕು. ಅದು ಮೆದುವಾಗಿಯೇ ಉಳಿದು ಸಂದುಗಳಿಗೆ ಇಳಿಯುತ್ತದೆ, ಬಿರಿಯುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಇದನ್ನು ಪೇಂಟ್ ಆದ ಮೇಲೇ ಮಾಡಿಸಿ. ಮೊದಲೇ ಹೊಡೆದರೆ ಅದರ ಜಿಡ್ಡು ಹೊರಮೈಗೆ ಹತ್ತಿ ಪೇಂಟಿನಲ್ಲಿ ಮೀನಿನ ಕಣ್ಣಿನಂಥ ಕುಳಿಗಳು ಬೀಳುತ್ತವೆ.

ಕೆಲಸ ಒಪ್ಪಿಸುವಾಗ ಎಷ್ಟಾಗುತ್ತದೆ ಎಂದು ಕೇಳುವ ಮೊದಲು ಹಿಂಬದಿಗೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ. ಕತ್ತರಿಸಿದ ಮೇಲೊಮ್ಮೆ, ಬೆಸೆದು ಪ್ರೈಮರ್ ಹಚ್ಚುವ ಮೊದಲೊಮ್ಮೆ ಫೋಟೊ ತೆಗೆದಿಡಲು ಹೇಳಿ, ಸಾಧ್ಯವಾದರೆ ನೀವೇ ಹೋಗಿ ನೋಡಿ. ಒಳ್ಳೆಯ ಕೆಲಸಗಾರರಿಗೆ ಇದರಿಂದ ಸಿಟ್ಟು ಬರುವುದಿಲ್ಲ, ಪುಟ್ಟಿಯ ಕೆಳಗೆ ಹೋಗಿಬಿಡುವ ತಮ್ಮ ಕೈಚಳಕವನ್ನು ಯಾರಾದರೂ ನೋಡಲಿ ಎಂಬ ಆಸೆ ಅವರಿಗೂ ಇರುತ್ತದೆ. ಗುಜರಿಯಿಂದ ಇಡೀ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಸುತ್ತಲಿನ ಹೊರ ತಗಡು) ತಂದು ಹಾಕುತ್ತೇನೆಂದರೆ ಅದರ ಕಮಾನಿನ ಮಡಿಕೆಯನ್ನೂ ಬಿಚ್ಚಿ ನೋಡಿ, ಅದೇ ಮಾದರಿಯ ಕಾರಿಗೆ ತುಕ್ಕು ಹಿಡಿಯುವುದೂ ಅದೇ ಜಾಗದಲ್ಲಿ.

ಕೈಬಿಡಬೇಕಾದ ಹಂತವೂ ಒಂದಿದೆ. ಎರಡೂ ರನ್ನಿಂಗ್ ಬೋರ್ಡಿನ ಒಳಪದರ, ಜೊತೆಗೆ ಫ್ಲೋರು, ಜೊತೆಗೆ ಹಿಂದಿನ ಸಸ್ಪೆನ್ಷನ್ ಹಿಡಿದಿರುವ ಜಾಗ, ಇಷ್ಟೂ ಹೋಗಿದ್ದರೆ ದುರಸ್ತಿ ಸಾಧ್ಯ, ಆದರೆ ಆಗ ನೀವು ಕಾರು ರಿಪೇರಿ ಮಾಡಿಸುತ್ತಿಲ್ಲ, ಕಾರು ಕಟ್ಟಿಸುತ್ತಿದ್ದೀರಿ. ತಂದೆಯವರ ಕಾರು ಎಂಬ ಕಾರಣಕ್ಕೆ ಅದನ್ನೂ ಮಾಡಿಸಿದವರು ಇದ್ದಾರೆ, ನಾನು ಅಂಥ ಎರಡು ಮೂರು ಗಾಡಿ ಕಟ್ಟಿದ್ದೇನೆ. ಯಾರೂ ಲೆಕ್ಕ ಹಾಕಿ ಬಂದವರಲ್ಲ. ನೀವು ಬರೆದದ್ದರಿಂದ ನೋಡಿದರೆ ನಿಮ್ಮ ಗಾಡಿ ಆ ಹಂತಕ್ಕೆ ಹೋದಂತಿಲ್ಲ, ಒಂದು ಬದಿಯ ಕೆಲಸ ಅನ್ನಿಸುತ್ತದೆ.

ಗಾಡಿ ಎತ್ತಿಸಿ ನೋಡುವ ತನಕ ಇವತ್ತೇ ಮಾಡಬಹುದಾದದ್ದು: ಬಾಗಿಲುಗಳ ಕೆಳ ಅಂಚಿನಲ್ಲಿ, ರನ್ನಿಂಗ್ ಬೋರ್ಡಿನ ತಳದಲ್ಲಿ ನೀರು ಇಳಿಯಲು ಬಿಟ್ಟ ಸಣ್ಣ ತೂತುಗಳಿರುತ್ತವೆ. ತೆಳು ತಂತಿಯನ್ನು ಮೆಲ್ಲಗೆ ತೂರಿಸಿ, ಕೆಸರು ಬಿಡಿಸಿ. ವೈಪರಿನ ಕೆಳಗಿನ ತೊಟ್ಟಿಯಲ್ಲಿ ಎಲೆ ತುಂಬಿದ್ದರೆ ತೆಗೆಯಿರಿ, ಆ ನೀರು ಇಳಿಯುವ ದಾರಿಗಳಲ್ಲಿ ಒಂದು ಬಹಳ ಕಾರುಗಳಲ್ಲಿ ರನ್ನಿಂಗ್ ಬೋರ್ಡಿನ ಹತ್ತಿರವೇ ಹಾದುಹೋಗುತ್ತದೆ. ಮಳೆಯಲ್ಲಿ ನೆನೆದ ಗಾಡಿಗೆ ಗಾಳಿಯಾಡದ ಕವರ್ ಹೊದಿಸಬೇಡಿ, ಗಾಳಿ ಆಡುವ ಬರೀ ಚಪ್ಪರದ ಕೆಳಗೆ ನಿಲ್ಲಿಸಿದರೆ ಅದು ಬೇಗ ಒಣಗುತ್ತದೆ. ತಂತಿ ತೂರಿಸಿದಾಗ ರನ್ನಿಂಗ್ ಬೋರ್ಡಿನಿಂದ ಕೆಂಪು ನೀರು ಸುರಿದರೆ, ಒಂದು ಲೋಟದಷ್ಟಾದರೂ ಬಂದರೆ, ನೋಡುವವರ ಹತ್ತಿರ ಆ ವಿಷಯವನ್ನೂ ಹೇಳಿ. ಆ ಬದಿಯನ್ನು ಎಲ್ಲಿಂದ ಕತ್ತರಿಸಬೇಕೆಂದು ಅವರಿಗೆ ಅದರಿಂದಲೇ ಅರ್ಧ ಗೊತ್ತಾಗುತ್ತದೆ.